ವಿದ್ಯಾಲಯದ ಆವರಣ ಮತ್ತು ದೂರಿನ ದಾರಿಗಳು: ಕೋಡಂಬಾಕ್ಕಂನಿಂದ ಕಂಡ ಚೆನ್ನೈ ನಗರದ ಕಾಲು ಶತಮಾನ

೧. ಪೀಠಿಕೆ

ಕನ್ನಡಿಗರ ನೆನಪಿನಲ್ಲಿ ಕೋಡಂಬಾಕ್ಕಂ ಎಂಬ ಹೆಸರು ಚಲನಚಿತ್ರದೊಂದಿಗೆ ಬೆಸೆದುಕೊಂಡಿದೆ. ಬೆಂಗಳೂರಿನಲ್ಲಿ ಚಿತ್ರೋದ್ಯಮ ನೆಲೆಯೂರುವವರೆಗೆ ಕನ್ನಡ ಚಿತ್ರಗಳಲ್ಲಿ ಬಹುಪಾಲು ಮದರಾಸಿನ ಈ ಭಾಗದ ಸ್ಟುಡಿಯೋಗಳಲ್ಲಿಯೇ ತಯಾರಾಗುತ್ತಿದ್ದವು. ಆದರೆ ಕೋಡಂಬಾಕ್ಕಂಗೆ ಇನ್ನೊಂದು ಮುಖವೂ ಉಂಟು. ೧೯೭೫ರಲ್ಲಿ ಸ್ಥಾಪನೆಗೊಂಡ ಮೀನಾಕ್ಷಿ ಮಹಿಳಾ ಕಾಲೇಜು ಇಲ್ಲಿದೆ. ಸುತ್ತಲಿನ ಬೀದಿಗಳಲ್ಲಿ ಹೊರ ಊರುಗಳಿಂದ ಓದಲು ಬಂದ ಹೆಣ್ಣುಮಕ್ಕಳ ವಸತಿಗೃಹಗಳಿವೆ. ಬೀಚ್–ತಾಂಬರಂ ಉಪನಗರ ರೈಲು ಮಾರ್ಗದ ಒಂದು ನಿಲ್ದಾಣವೂ ಇಲ್ಲಿದೆ. ಈ ನಿಲ್ದಾಣದಿಂದ ಉತ್ತರಕ್ಕೆ ನುಂಗಂಬಾಕ್ಕಂ, ಚೆಟ್‌ಪೇಟ್‌ಗಳನ್ನು ದಾಟಿದರೆ ಮೂರನೆಯದು ಎಗ್ಮೋರ್. ದಕ್ಷಿಣಕ್ಕೆ ಮಾಂಬಲಂ, ಸೈದಾಪೇಟೆಗಳನ್ನು ದಾಟಿದರೆ ಮೂರನೆಯದು ಗಿಂಡಿ.

ವಿದ್ಯಾಲಯಗಳ ಪರಿಸರದಲ್ಲಿ ನಡೆಯುವ ಲೈಂಗಿಕ ಕಿರುಕುಳ ಹಾಗೂ ಹಿಂಸೆಯ ಬಗ್ಗೆ ದೂರು ಕೊಡುವ ವ್ಯವಸ್ಥೆಯ ಚರಿತ್ರೆಯಲ್ಲಿ ಈ ಎರಡು ನಿಲ್ದಾಣಗಳ ಆಸುಪಾಸು ಎರಡು ಮುಖ್ಯ ಘಟ್ಟಗಳನ್ನು ಗುರುತಿಸುತ್ತದೆ. ೧೯೯೮ರಲ್ಲಿ ಎಗ್ಮೋರಿನ ಎತಿರಾಜ್ ಮಹಿಳಾ ಕಾಲೇಜಿನ ವಿದ್ಯಾರ್ಥಿನಿಯೊಬ್ಬರ ಮರಣ ಒಂದು ರಾಜ್ಯ ಶಾಸನಕ್ಕೆ ಕಾರಣವಾಯಿತು. ೨೦೨೪ರಲ್ಲಿ ಗಿಂಡಿಯ ಅಣ್ಣಾ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದ ಅತ್ಯಾಚಾರ ಪ್ರಕರಣ, ದೂರು ಕೊಟ್ಟ ಬಳಿಕ ದೂರುದಾರಳ ಹೆಸರು ಏನಾಗುತ್ತದೆ ಎಂಬ ಪ್ರಶ್ನೆಯನ್ನು ಉಚ್ಚ ನ್ಯಾಯಾಲಯದ ಮುಂದಿಟ್ಟಿತು. ಇವೆರಡರ ನಡುವಣ ಇಪ್ಪತ್ತಾರು ವರ್ಷಗಳಲ್ಲಿ ದೂರಿನ ದಾರಿಗಳು ಹೇಗೆ ಹುಟ್ಟಿದವು, ಪ್ರತಿಯೊಂದು ದಾರಿಯ ವ್ಯಾಪ್ತಿ ಮತ್ತು ಮಿತಿ ಏನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ದಾರಿಗಳ ಸಂಖ್ಯೆ ಹೆಚ್ಚಿದೆ ಎಂಬುದು ನಿರ್ವಿವಾದ. ಆದರೆ ದೂರು ಕೊಟ್ಟವಳ ಹೆಸರು ಹಾಗೂ ಆಯ್ಕೆ ಅವಳ ಕೈಯಲ್ಲಿಯೇ ಉಳಿಯುತ್ತದೆಯೆ ಎಂಬ ಪ್ರಶ್ನೆಯೇ ಅವುಗಳ ನಿಜವಾದ ಅಳತೆಗೋಲು ಎಂಬುದು ನಮ್ಮ ನಿಲುವು.

೨. ೧೯೯೮ಕ್ಕೆ ಮುನ್ನ

ಮದರಾಸು ನಗರದಲ್ಲಿ ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಪರಂಪರೆ ದೀರ್ಘವಾದುದು. ಕ್ವೀನ್ ಮೇರೀಸ್ ಕಾಲೇಜು ೧೯೧೪ರಲ್ಲಿ, ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು ೧೯೧೫ರಲ್ಲಿ, ಸ್ಟೆಲ್ಲಾ ಮಾರಿಸ್ ೧೯೪೭ರಲ್ಲಿ, ಎತಿರಾಜ್ ಕಾಲೇಜು ೧೯೪೮ರಲ್ಲಿ ಆರಂಭವಾದವು. ಇಷ್ಟು ಕಾಲೇಜುಗಳಿದ್ದ ನಗರದಲ್ಲಿಯೂ ಕಿರುಕುಳಕ್ಕೆ ಈಡಾದ ವಿದ್ಯಾರ್ಥಿನಿಗೆ ಕಾನೂನು ತೋರಿಸುತ್ತಿದ್ದುದು ಒಂದೇ ಒಂದು ದಾರಿಯನ್ನು. ಅದು ಪೊಲೀಸ್ ಠಾಣೆ. ೧೮೬೦ರ ಭಾರತೀಯ ದಂಡ ಸಂಹಿತೆಯ ೩೫೪ನೆಯ ಕಲಂ ಸ್ತ್ರೀಯ ಮಾನಕ್ಕೆ ಭಂಗ ತರುವ ಉದ್ದೇಶದ ಬಲಪ್ರಯೋಗವನ್ನೂ ೫೦೯ನೆಯ ಕಲಂ ಅದೇ ಉದ್ದೇಶದ ಮಾತು, ಸನ್ನೆಗಳನ್ನೂ ಶಿಕ್ಷಾರ್ಹವಾಗಿಸಿದ್ದವು. ಇವೆರಡರಲ್ಲಿಯೂ ಅಪರಾಧದ ಅಳತೆ ಸ್ತ್ರೀಯ 'ಮಾನ'ವೇ ಹೊರತು ಅವಳ ಇಚ್ಛೆಯಲ್ಲ ಎಂಬುದು ಗಮನಾರ್ಹ. ಬೋಧಕನು ಅಂಕಗಳ ಬೆದರಿಕೆಯೊಡ್ಡಿ ಮಾಡುವ ಒತ್ತಾಯಕ್ಕಾಗಲಿ, ಸಹಪಾಠಿಯು ದಿನವೂ ಬೆನ್ನುಹತ್ತುವುದಕ್ಕಾಗಲಿ ಕಾನೂನಿನಲ್ಲಿ ಹೆಸರಿರಲಿಲ್ಲ.

ಆಡುಮಾತಿನಲ್ಲಿ ಇದ್ದ ಹೆಸರು 'ಈವ್ ಟೀಸಿಂಗ್'. ಕನ್ನಡ ಪತ್ರಿಕೆಗಳು ಅದನ್ನು 'ಚುಡಾಯಿಸುವುದು' ಎಂದವು. ಚುಡಾಯಿಸುವುದು ಎಂಬ ಮಾತು ಗೆಳೆಯರ ನಡುವಿನ ಗೇಲಿಗೂ ಸಲ್ಲುವಂಥದು. ಆದುದರಿಂದ ಅದನ್ನು ಬಳಸಿದೊಡನೆ ದೂರು ತನ್ನ ತೂಕವನ್ನು ಅರ್ಧ ಕಳೆದುಕೊಳ್ಳುತ್ತದೆ. 'ಕಿರುಕುಳ', 'ದೌರ್ಜನ್ಯ' ಎಂಬ ಪದಗಳು ಬಳಕೆಗೆ ಬಂದುದು ದೂರಿನ ಚರಿತ್ರೆಯಲ್ಲಿ ಕೇವಲ ಭಾಷಿಕ ಬದಲಾವಣೆಯಲ್ಲ. ಠಾಣೆಯ ಮೇಜಿನ ಆಚೆ ಕುಳಿತವರು ಕೇಳಿಸಿಕೊಳ್ಳುವ ರೀತಿಯನ್ನೂ ಅದು ಬದಲಿಸಿತು.

ಇದೇ ಅವಧಿಯಲ್ಲಿ ಎರಡು ಬೆಳವಣಿಗೆಗಳು ನಡೆದವು. ಮೊದಲನೆಯದು ಮಥುರಾ ಪ್ರಕರಣದ ಪರಿಣಾಮ. ಸರ್ವೋಚ್ಚ ನ್ಯಾಯಾಲಯ ಆ ಪ್ರಕರಣದ ಆರೋಪಿಗಳಾದ ಪೊಲೀಸರನ್ನು ಬಿಡುಗಡೆ ಮಾಡಿದಾಗ ೧೯೭೯ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಮ್ವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಆ ಪತ್ರದಿಂದ ಬೆಳೆದ ಚಳವಳಿಯ ಫಲವಾಗಿ ೧೯೮೩ರಲ್ಲಿ ದಂಡ ಸಂಹಿತೆಗೆ ತಿದ್ದುಪಡಿಯಾಗಿ, ಅತ್ಯಾಚಾರಕ್ಕೆ ಒಳಗಾದವಳ ಗುರುತನ್ನು ಪ್ರಕಟಿಸುವುದು ೨೨೮-ಎ ಕಲಮಿನನ್ವಯ ಎರಡು ವರ್ಷದವರೆಗಿನ ಸೆರೆವಾಸಕ್ಕೆ ಅರ್ಹವಾದ ಅಪರಾಧವಾಯಿತು. ಎರಡನೆಯದು ಮಹಿಳಾ ಠಾಣೆಗಳ ಸ್ಥಾಪನೆ. ದೇಶದ ಮೊದಲ ಮಹಿಳಾ ಪೊಲೀಸ್ ಠಾಣೆ ೧೯೭೩ರಲ್ಲಿ ಕೋಳಿಕ್ಕೋಡಿನಲ್ಲಿ ತೆರೆಯಿತು. ತಮಿಳುನಾಡಿನ ಮೊದಲ ಸರ್ವಮಹಿಳಾ ಠಾಣೆ ೧೯೯೨ರಲ್ಲಿ, ಕೋಡಂಬಾಕ್ಕಂನಿಂದ ಹೆಚ್ಚು ದೂರವಿಲ್ಲದ ಥೌಸಂಡ್ ಲೈಟ್ಸ್‌ನಲ್ಲಿ ಆರಂಭವಾಯಿತು. ದೂರನ್ನು ಹೆಣ್ಣೊಬ್ಬಳ ಎದುರು ಹೇಳಬಹುದು ಎಂಬುದು ಅಂದಿಗೆ ಸಣ್ಣ ಮಾತಾಗಿರಲಿಲ್ಲ.

೩. ಎಗ್ಮೋರ್, ೧೯೯೮

೧೯೯೮ರ ಜುಲೈ ತಿಂಗಳಿನಲ್ಲಿ ಎತಿರಾಜ್ ಕಾಲೇಜಿನ ಬಳಿಯ ರಸ್ತೆಯಲ್ಲಿ, ಆಟೋರಿಕ್ಷಾದಲ್ಲಿ ಬಂದ ಯುವಕರ ಗುಂಪಿನ ಕಿರುಕುಳಕ್ಕೆ ಸಿಲುಕಿದ ವಿದ್ಯಾರ್ಥಿನಿಯೊಬ್ಬರು ಬಿದ್ದು ತೀವ್ರ ಗಾಯಗೊಂಡು ಕೆಲವು ದಿನಗಳ ಬಳಿಕ ಮರಣ ಹೊಂದಿದರು. ನಗರದ ವಿದ್ಯಾರ್ಥಿನಿಯರೂ ಮಹಿಳಾ ಸಂಘಟನೆಗಳೂ ಬೀದಿಗಿಳಿದವು. ಅದೇ ತಿಂಗಳ ಕೊನೆಗೆ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷ ಅದು ಈವ್ ಟೀಸಿಂಗ್ ನಿಷೇಧ ಅಧಿನಿಯಮವಾಯಿತು.

ಈ ಶಾಸನದಲ್ಲಿ ಮೂರು ಅಂಶಗಳು ನಮ್ಮ ವಿಷಯಕ್ಕೆ ಸಂಬಂಧಿಸಿವೆ. ವಿದ್ಯಾಸಂಸ್ಥೆ, ದೇವಾಲಯ, ಬಸ್ ನಿಲ್ದಾಣ, ರಸ್ತೆ, ರೈಲು ನಿಲ್ದಾಣ, ಚಿತ್ರಮಂದಿರ, ಉದ್ಯಾನ, ಕಡಲತೀರ ಮೊದಲಾದ ಸ್ಥಳಗಳನ್ನು ಅದು ಒಟ್ಟಾಗಿ ತನ್ನ ವ್ಯಾಪ್ತಿಗೆ ತಂದಿತು. ಅಪರಾಧಕ್ಕೆ ಒಂದು ವರ್ಷದವರೆಗಿನ ಸೆರೆವಾಸ ಅಥವಾ ೧೦,೦೦೦ ರೂಪಾಯಿಯವರೆಗಿನ ದಂಡ ಅಥವಾ ಎರಡನ್ನೂ ಗೊತ್ತುಮಾಡಿತು. ಎಲ್ಲಕ್ಕಿಂತ ಮುಖ್ಯವಾಗಿ, ಆವರಣದ ಉಸ್ತುವಾರಿ ಹೊತ್ತವರ ಮೇಲೆಯೇ ತಡೆಗಟ್ಟುವ ಮತ್ತು ಪೊಲೀಸರಿಗೆ ತಿಳಿಸುವ ಹೊಣೆಯನ್ನು ಹೊರಿಸಿತು. ಅಲ್ಲಿಯವರೆಗೆ ದೂರಿನ ಭಾರ ಪೂರ್ತಿಯಾಗಿ ನೊಂದವಳ ಹೆಗಲ ಮೇಲಿತ್ತು. ಪ್ರಾಂಶುಪಾಲರಿಗೂ ಅದರಲ್ಲಿ ಪಾಲಿದೆ ಎಂದು ಹೇಳಿದುದು ಈ ಶಾಸನದ ಹೊಸತನ. ೨೦೦೨ರ ತಿದ್ದುಪಡಿಯಲ್ಲಿ ಶಾಸನದ ಹೆಸರಿನಿಂದ 'ಈವ್ ಟೀಸಿಂಗ್' ಎಂಬ ಪದವನ್ನು ತೆಗೆದು 'ಮಹಿಳೆಯರ ಕಿರುಕುಳ ನಿಷೇಧ ಅಧಿನಿಯಮ' ಎಂದು ಮರುನಾಮಕರಣ ಮಾಡಲಾಯಿತು. ಹಿಂದೆ ಹೇಳಿದ ಪದಗಳ ಚರಿತ್ರೆಗೆ ಇದು ಶಾಸನದ ಮುದ್ರೆ.

ತಮಿಳುನಾಡಿನದೇ ಆದ ಇನ್ನೊಂದು ಪ್ರಕರಣ ಈ ಹೊಣೆಯನ್ನು ದೇಶಕ್ಕೆಲ್ಲ ವಿಸ್ತರಿಸಿತು. ಬಸ್ ನಿಲ್ದಾಣದಲ್ಲಿ ಮಹಿಳೆಗೆ ಕಿರುಕುಳ ಕೊಟ್ಟ ಆರೋಪ ಹೊತ್ತ ಪೊಲೀಸನೊಬ್ಬನ ಸೇವಾಪ್ರಕರಣದಲ್ಲಿ, ೨೦೧೨ರ ನವೆಂಬರ್ ೩೦ರಂದು, ಸರ್ವೋಚ್ಚ ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ನಿರ್ದೇಶನಗಳನ್ನು ನೀಡಿತು. ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಸಮವಸ್ತ್ರವಿಲ್ಲದ ಮಹಿಳಾ ಪೊಲೀಸರನ್ನು ನಿಯೋಜಿಸಬೇಕು. ಬಸ್ಸಿನೊಳಗೆ ಕಿರುಕುಳ ನಡೆದು ದೂರು ಬಂದರೆ ಸಿಬ್ಬಂದಿ ವಾಹನವನ್ನು ಸಮೀಪದ ಠಾಣೆಗೇ ಒಯ್ಯಬೇಕು. ವಿದ್ಯಾಸಂಸ್ಥೆಗಳ ಮುಖ್ಯಸ್ಥರು ತಮಗೆ ಬಂದ ದೂರನ್ನು ಸಮೀಪದ ಠಾಣೆಗೆ ಅಥವಾ ಮಹಿಳಾ ಸಹಾಯ ಕೇಂದ್ರಕ್ಕೆ ತಲುಪಿಸಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು.

ಆದರೆ ೧೯೯೮ರ ಶಾಸನದ ಕಲ್ಪನೆಯಲ್ಲಿ ಅಪಾಯ ಇದ್ದುದು ರಸ್ತೆಯಲ್ಲಿ, ಅಪರಾಧಿ ಅಪರಿಚಿತ. ತರಗತಿಯೊಳಗಿನ, ಪ್ರಯೋಗಾಲಯದೊಳಗಿನ, ಮಾರ್ಗದರ್ಶಕರ ಕೊಠಡಿಯೊಳಗಿನ ಕಿರುಕುಳಕ್ಕೆ ಬೇರೆ ಬಗೆಯ ದಾರಿಯೊಂದು ಬೇಕಾಗಿತ್ತು.

೪. ಆವರಣದೊಳಗಿನ ಸಮಿತಿ

ಆ ದಾರಿಗೆ ಬುನಾದಿ ಹಾಕಿದುದು ೧೯೯೭ರ ಆಗಸ್ಟ್ ೧೩ರ ವಿಶಾಖಾ ತೀರ್ಪು. ರಾಜಸ್ಥಾನದ ಹಳ್ಳಿಯೊಂದರಲ್ಲಿ ಬಾಲ್ಯವಿವಾಹ ತಡೆಯಲು ಶ್ರಮಿಸಿದ ಕಾರ್ಯಕರ್ತೆಯೊಬ್ಬರ ಮೇಲೆ ೧೯೯೨ರಲ್ಲಿ ನಡೆದ ಸಾಮೂಹಿಕ ಅತ್ಯಾಚಾರ ಅದರ ಹಿನ್ನೆಲೆ. ಪ್ರತಿಯೊಂದು ಉದ್ಯೋಗಸ್ಥಳದಲ್ಲಿಯೂ ಮಹಿಳೆಯ ಅಧ್ಯಕ್ಷತೆಯ, ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರಿರುವ, ಹೊರಗಿನ ಸದಸ್ಯರೂ ಇರುವ ದೂರು ಸಮಿತಿ ಇರಬೇಕೆಂದು ನ್ಯಾಯಾಲಯ ವಿಧಿಸಿತು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ೧೯೯೯ರಲ್ಲಿ ಚುನಾಯಿತ ಪ್ರತಿನಿಧಿಗಳನ್ನೊಳಗೊಂಡ ಸಮಿತಿಯೊಂದನ್ನು ರಚಿಸಿ ಇತರ ವಿಶ್ವವಿದ್ಯಾಲಯಗಳಿಗೆ ಮಾದರಿಯಾಯಿತು. ೨೦೧೭ರಲ್ಲಿ ಅದನ್ನು ರದ್ದುಗೊಳಿಸಿ ಆಂತರಿಕ ದೂರು ಸಮಿತಿಯನ್ನು ನೇಮಿಸಿದಾಗ ವಿದ್ಯಾರ್ಥಿಗಳಿಂದಲೂ ಅಧ್ಯಾಪಕರಿಂದಲೂ ವಿರೋಧ ವ್ಯಕ್ತವಾಯಿತು.

೨೦೧೨ರ ಡಿಸೆಂಬರಿನ ದೆಹಲಿ ಘಟನೆಯ ತರುವಾಯ ನೇಮಕಗೊಂಡ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ೨೦೧೩ರ ಜನವರಿ ೨೩ರಂದು ವರದಿ ಸಲ್ಲಿಸಿತು. ಸಂಸ್ಥೆಯೊಳಗಿನ ಸಮಿತಿಗೆ ವಿಚಾರಣೆಯನ್ನು ಒಪ್ಪಿಸಿದರೆ ಮಹಿಳೆಯರು ದೂರು ಕೊಡಲು ಹಿಂಜರಿಯುತ್ತಾರೆಂದು ಅದು ಎಚ್ಚರಿಸಿ, ಸ್ವತಂತ್ರ ನ್ಯಾಯಮಂಡಳಿಯನ್ನು ಸೂಚಿಸಿತು. ಈ ಸೂಚನೆಯನ್ನು ಸಂಸತ್ತು ಅಂಗೀಕರಿಸಲಿಲ್ಲ. ೨೦೧೩ರ ಡಿಸೆಂಬರ್ ೯ರಿಂದ ಜಾರಿಗೆ ಬಂದ ಉದ್ಯೋಗಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆ ಅಧಿನಿಯಮ ಆಂತರಿಕ ಸಮಿತಿಯನ್ನೇ ಉಳಿಸಿಕೊಂಡಿತು. ಮುಂದಿನ ಪ್ರಕರಣಗಳನ್ನು ಪರಿಶೀಲಿಸುವಾಗ ವರ್ಮಾ ಸಮಿತಿಯ ಎಚ್ಚರಿಕೆಯನ್ನು ನೆನಪಿನಲ್ಲಿಡಬೇಕಾಗುತ್ತದೆ.

ವಿಶ್ವವಿದ್ಯಾಲಯಗಳ ಮಟ್ಟಿಗೆ ನಿರ್ಣಾಯಕವಾದುದು ಯು.ಜಿ.ಸಿ.ಯ ೨೦೧೬ರ ಮೇ ೨ರ ವಿನಿಯಮಗಳು. ಇವು ವಿದ್ಯಾರ್ಥಿಗಳನ್ನೂ ಸ್ಪಷ್ಟವಾಗಿ ಒಳಗೊಳ್ಳುತ್ತವೆ. ಹಿರಿಯ ಮಹಿಳಾ ಅಧ್ಯಾಪಕರು ಸಮಿತಿಯ ಅಧ್ಯಕ್ಷರಾಗಿರಬೇಕು. ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ಸಿಬ್ಬಂದಿ, ಹೊರಗಿನಿಂದ ಒಬ್ಬ ಸದಸ್ಯರು ಇರಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಪ್ರಜಾಸತ್ತಾತ್ಮಕವಾಗಿ ಚುನಾಯಿತರಾದ ಮೂವರು ವಿದ್ಯಾರ್ಥಿಗಳೂ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರಿರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರು ಸದಸ್ಯರಾಗುವಂತಿಲ್ಲ. 'ಆವರಣ' ಎಂಬುದರ ಅರ್ಥವನ್ನೂ ವಿನಿಯಮಗಳು ಹಿಗ್ಗಿಸಿವೆ: ವಿದ್ಯಾರ್ಥಿನಿಲಯ, ಉಪಾಹಾರ ಗೃಹ, ಸಂಸ್ಥೆಯ ಬಸ್ಸು, ಕ್ಷೇತ್ರಕಾರ್ಯ, ಅಧ್ಯಯನ ಪ್ರವಾಸ, ಸಾಂಸ್ಕೃತಿಕ ಉತ್ಸವ ಇವೆಲ್ಲವೂ ಅದರಲ್ಲಿ ಸೇರುತ್ತವೆ. ಮುಖ್ಯವಾಗಿ ತೊಂದರೆಗೊಳಗಾಗುವವರು ಮಹಿಳೆಯರಾದರೂ ಕೆಲವು ಪುರುಷ ವಿದ್ಯಾರ್ಥಿಗಳೂ ತೃತೀಯಲಿಂಗಿ ವಿದ್ಯಾರ್ಥಿಗಳೂ ತೊಂದರೆಗೆ ಗುರಿಯಾಗಬಲ್ಲರೆಂದು ಒಪ್ಪಿರುವುದು ಇನ್ನೊಂದು ವಿಶೇಷ. ಸುರಕ್ಷತೆಯ ಹೆಸರಿನಲ್ಲಿ ಹುಡುಗಿಯರ ನಿಲಯಗಳಿಗೆ ಮಾತ್ರ ತಾರತಮ್ಯದ ನಿಯಮಗಳನ್ನು ಹೇರಬಾರದೆಂದೂ ಅವು ಹೇಳುತ್ತವೆ. ದೂರಿನ ಫಲವಾಗಿ ನಿಲಯದ ಗೇಟು ಇನ್ನೂ ಒಂದು ಗಂಟೆ ಮೊದಲೇ ಮುಚ್ಚುವುದಾದರೆ ಮುಂದಿನವಳು ದೂರು ಕೊಡುವ ಮೊದಲು ತನ್ನ ಗೆಳತಿಯರ ಮುಖ ನೋಡಬೇಕಾಗುತ್ತದೆ. ಈ ವಿಧಿಯ ಮಹತ್ವ ಅಲ್ಲಿದೆ.

೫. ದಾರಿಗಳ ಸ್ವರೂಪ

ಕೋಡಂಬಾಕ್ಕಂನ ವಸತಿಗೃಹವೊಂದರಲ್ಲಿದ್ದು ಗಿಂಡಿಯಲ್ಲಿ ಓದುವ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಅವಳ ಒಂದು ದಿನದ ಪ್ರಯಾಣದಲ್ಲಿ ಹಲವು ಅಧಿಕಾರವ್ಯಾಪ್ತಿಗಳು ಬರುತ್ತವೆ. ವಸತಿಗೃಹದ ಬೀದಿ ನಗರ ಪೊಲೀಸರದು. ರೈಲು ಮತ್ತು ನಿಲ್ದಾಣ ರೈಲ್ವೆ ಪೊಲೀಸರದು; ಅಲ್ಲಿನ ಸಹಾಯವಾಣಿ ೧೩೯. ಗಿಂಡಿಯ ರಸ್ತೆ ಬೇರೊಂದು ಠಾಣೆಯದು. ವಿಶ್ವವಿದ್ಯಾಲಯದ ಗೇಟಿನೊಳಗೆ ಆಂತರಿಕ ಸಮಿತಿಯದು. 'ಇದು ನಮ್ಮ ಸರಹದ್ದಲ್ಲ' ಎಂಬ ಮಾತು ದೂರುಗಳನ್ನು ಹಿಂದಕ್ಕೆ ಕಳುಹಿಸಲು ಬಹುಕಾಲ ಬಳಕೆಯಾದದ್ದು ಈ ವಿಭಜನೆಯಿಂದಲೇ.

ಇಂದು ಅವಳ ಮುಂದಿರುವ ದಾರಿಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ಆಂತರಿಕ ದೂರು ಸಮಿತಿ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಬರೆಯಲಾಗದ ಸ್ಥಿತಿಯಲ್ಲಿದ್ದರೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯ. ಪ್ರತಿವಾದಿಗೆ ಏಳು ದಿನಗಳೊಳಗೆ ದೂರಿನ ಪ್ರತಿ, ಅವನಿಂದ ಹತ್ತು ದಿನಗಳೊಳಗೆ ಉತ್ತರ, ತೊಂಬತ್ತು ದಿನಗಳೊಳಗೆ ವಿಚಾರಣೆಯ ಮುಕ್ತಾಯ, ವರದಿಯ ಮೇಲೆ ಮೂವತ್ತು ದಿನಗಳೊಳಗೆ ಕ್ರಮ ಎಂಬುದು ಕಾಲನಿಯಮ. ವಿಚಾರಣೆ ಮುಗಿಯುವವರೆಗೆ ಪ್ರತಿವಾದಿಯು ದೂರುದಾರಳ ಉತ್ತರಪತ್ರಿಕೆಯನ್ನಾಗಲಿ ಸಂಶೋಧನೆಯನ್ನಾಗಲಿ ಮೌಲ್ಯಮಾಪನ ಮಾಡದಂತೆ ತಡೆಯಬಹುದು. ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡಿಸಬಹುದು. ಸಂಶೋಧನ ವಿದ್ಯಾರ್ಥಿನಿಗೆ ಮಾರ್ಗದರ್ಶಕನ ವಿರುದ್ಧ ದೂರು ಕೊಡುವಾಗ ಇದಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದಿಲ್ಲ. ಏಕೆಂದರೆ ಪೊಲೀಸ್ ಠಾಣೆ ಅವಳ ಪ್ರಬಂಧವನ್ನು ರಕ್ಷಿಸಲಾರದು. ದೂರನ್ನು ರುಜುವಾತುಪಡಿಸಲಾಗದಿದ್ದರೆ ಅದೊಂದೇ ಕಾರಣಕ್ಕೆ ಅವಳ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ ಎಂಬುದೂ ಶಾಸನದಲ್ಲಿಯೇ ಇದೆ.

ಎರಡನೆಯದು ಜಿಲ್ಲೆಯ ಸ್ಥಳೀಯ ಸಮಿತಿ. ಆಂತರಿಕ ಸಮಿತಿಯಿಲ್ಲದ ಕಡೆ ಅಥವಾ ದೂರು ಸಂಸ್ಥೆಯ ಮುಖ್ಯಸ್ಥರ ವಿರುದ್ಧವೇ ಇದ್ದಾಗ ಇದು ಒದಗುತ್ತದೆ.

ಮೂರನೆಯದು ಪೊಲೀಸ್ ಠಾಣೆ. ೨೦೧೩ರ ತಿದ್ದುಪಡಿಯಿಂದ ಲೈಂಗಿಕ ಕಿರುಕುಳ, ಕದ್ದುನೋಡುವುದು, ಬೆನ್ನುಹತ್ತುವುದು ದಂಡ ಸಂಹಿತೆಯಲ್ಲಿ ಪ್ರತ್ಯೇಕ ಅಪರಾಧಗಳಾದವು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು ಕ್ರಮವಾಗಿ ೭೫, ೭೭, ೭೮ನೆಯ ಕಲಮುಗಳು. ಇಂಥ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೭೩ನೆಯ ಕಲಮಿನಂತೆ ಅಪರಾಧ ನಡೆದ ಸ್ಥಳ ಯಾವ ಸರಹದ್ದಿನದೇ ಆಗಿರಲಿ, ಯಾವುದೇ ಠಾಣೆಯಲ್ಲಿ ದೂರು ದಾಖಲಿಸಬಹುದು. ವಿದ್ಯುನ್ಮಾನ ಮೂಲಕ ಕಳುಹಿಸಿ ಮೂರು ದಿನಗಳೊಳಗೆ ಸಹಿ ಹಾಕಲೂಬಹುದು. ಸರಹದ್ದಿನ ನೆಪಕ್ಕೆ ಕಾನೂನಿನಲ್ಲಿ ಈಗ ಎಡೆಯಿಲ್ಲ. ಅತ್ಯಾಚಾರಕ್ಕೆ ಕಾಲಮಿತಿಯೂ ಇಲ್ಲ.

ನಾಲ್ಕನೆಯದು ನೆರವಿನ ದಾರಿ: ೧೮೧ ಮಹಿಳಾ ಸಹಾಯವಾಣಿ, ೨೦೧೫ರಿಂದ ಆರಂಭವಾದ 'ಸಖಿ' ಕೇಂದ್ರಗಳು, ರಾಜ್ಯ ಮತ್ತು ರಾಷ್ಟ್ರೀಯ ಮಹಿಳಾ ಆಯೋಗಗಳು, ಆಸ್ಪತ್ರೆ. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳೆರಡೂ ಉಚಿತವಾಗಿ ಚಿಕಿತ್ಸೆ ನೀಡಲೇಬೇಕು. ದೂರಿನ ನಿರ್ಧಾರಕ್ಕೆ ಮೊದಲು ಮಾತನಾಡಲು ಒಬ್ಬರು ಬೇಕೆನ್ನುವವಳಿಗೆ ಈ ದಾರಿ ಹೆಚ್ಚು ಹತ್ತಿರದ್ದು.

ಈ ನಾಲ್ಕೂ ಒಂದನ್ನೊಂದು ಹೊರಗಿಡುವುದಿಲ್ಲ. ಸಮಿತಿಗೆ ದೂರು ಕೊಟ್ಟವಳು ಠಾಣೆಗೂ ಹೋಗಬಹುದು; ಠಾಣೆಯಲ್ಲಿ ಪ್ರಕರಣವಿದೆಯೆಂದು ಸಮಿತಿ ಕೈಕಟ್ಟಿ ಕೂರಬೇಕಾಗಿಲ್ಲ.

ಹೊರನಾಡ ಕನ್ನಡಿಗರ ದೃಷ್ಟಿಯಿಂದ ಭಾಷೆಯ ಪ್ರಶ್ನೆಯೊಂದನ್ನು ಇಲ್ಲಿ ಸೇರಿಸಬೇಕು. ಚೆನ್ನೈನಲ್ಲಿ ಓದುವ ಕನ್ನಡದ ಹುಡುಗಿ ತನಗಾದುದನ್ನು ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಹೇಳಬೇಕಾಗುತ್ತದೆ. ಮೈಮೇಲೆ ನಡೆದ ಹಿಂಸೆಯನ್ನು ಎರಡನೆಯ ಭಾಷೆಯಲ್ಲಿ ನಿಖರವಾಗಿ ವರ್ಣಿಸುವುದು ಕಷ್ಟ. ಹೇಳಿಕೆಯಲ್ಲಿ ಒಂದು ಕ್ರಿಯಾಪದ ಬದಲಾದರೆ ಅಪರಾಧದ ಕಲಮೇ ಬದಲಾಗಬಹುದು. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ ೩೫೦ನೆಯ ಅನುಚ್ಛೇದ ನೀಡುತ್ತದೆ. ಹೊರ ರಾಜ್ಯದ ವಿದ್ಯಾರ್ಥಿಗಳಿರುವ ವಿಶ್ವವಿದ್ಯಾಲಯಗಳು ತಮ್ಮ ಸಮಿತಿಗಳಲ್ಲಿ ಈ ಅನುಚ್ಛೇದದ ಆಶಯವನ್ನು ಪಾಲಿಸುವುದು ಉಚಿತ. ಭಾಷಾ ವಿಭಾಗಗಳು, ಪೀಠಗಳು ಇದಕ್ಕೆ ನೆರವಾಗಬಲ್ಲವು.

೬. ಸಮಿತಿಗಳ ಪರೀಕ್ಷೆ

ಕಾಗದದ ಮೇಲಿನ ಈ ವ್ಯವಸ್ಥೆ ಆಚರಣೆಯಲ್ಲಿ ಹೇಗೆ ನಿಂತಿತು ಎಂಬುದಕ್ಕೆ ಮೂರು ನಿದರ್ಶನಗಳು ಸಾಕು.

೨೦೨೩ರ ಮಾರ್ಚ್ ಕೊನೆಯಲ್ಲಿ ಚೆನ್ನೈನ ತಿರುವಾನ್ಮಿಯೂರಿನ ಕಲಾಕ್ಷೇತ್ರದ ವಿದ್ಯಾರ್ಥಿಗಳು ಬೋಧಕವರ್ಗದ ಕೆಲವರ ಮೇಲೆ ಕಿರುಕುಳದ ಆರೋಪ ಹೊರಿಸಿ ಆವರಣದಲ್ಲಿಯೇ ಧರಣಿ ಕುಳಿತರು. ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷರು ಬಂದಾಗ ವಿದ್ಯಾರ್ಥಿಗಳು ಅವರಿಗೆ ಲಿಖಿತ ದೂರುಗಳನ್ನು ಕೊಟ್ಟರು. ಹಿಂದಿನ ವಿದ್ಯಾರ್ಥಿನಿಯೊಬ್ಬರ ದೂರಿನ ಮೇಲೆ ಮಹಿಳಾ ಠಾಣೆಯಲ್ಲಿ ಪ್ರಕರಣ ದಾಖಲಾಗಿ ಏಪ್ರಿಲ್‌ನಲ್ಲಿ ಒಬ್ಬ ಬೋಧಕರ ಬಂಧನವಾಯಿತು. ಬಳಿಕ ಸಂಸ್ಥೆಯು ನಿವೃತ್ತ ನ್ಯಾಯಮೂರ್ತಿ ಕೆ. ಕಣ್ಣನ್ ನೇತೃತ್ವದಲ್ಲಿ ಸ್ವತಂತ್ರ ಸಮಿತಿಯೊಂದನ್ನು ನೇಮಿಸಿತು. ಆರೋಪಗಳ ಸತ್ಯಾಸತ್ಯತೆ ನಮ್ಮ ವಿಚಾರವಲ್ಲ. ಆಂತರಿಕ ದಾರಿಯಿರುವಾಗಲೂ ವಿದ್ಯಾರ್ಥಿಗಳು ಹೊರಗಿನ ಆಯೋಗದ ಕೈಗೆ ದೂರು ಕೊಡಲು ಆರಿಸಿಕೊಂಡರೆಂಬುದು, ಗುರುಶಿಷ್ಯ ಸಂಬಂಧ ನಿಕಟವಾಗಿರುವ ಸಂಸ್ಥೆಗಳಲ್ಲಿ ಒಳಗಿನ ಸಮಿತಿಯ ಮೇಲಿನ ನಂಬಿಕೆಯ ಪ್ರಶ್ನೆಯನ್ನು ಎತ್ತುತ್ತದೆ. ವರ್ಮಾ ಸಮಿತಿಯ ಎಚ್ಚರಿಕೆ ಇಲ್ಲಿ ನೆನಪಾಗುತ್ತದೆ.

ಎರಡನೆಯದು ಗೋವಾ ವಿಶ್ವವಿದ್ಯಾಲಯದ್ದು. ೨೦೦೯ರಲ್ಲಿ ವಿದ್ಯಾರ್ಥಿನಿಯರು ಕೊಟ್ಟ ದೂರಿನ ಮೇಲೆ ನಡೆದ ವಿಚಾರಣೆಯಿಂದ ಪ್ರಾಧ್ಯಾಪಕರೊಬ್ಬರು ಕೆಲಸ ಕಳೆದುಕೊಂಡರು. ಸಮಿತಿ ಅನುಚಿತ ಅವಸರ ತೋರಿ ಪ್ರತಿವಾದಿಗೆ ಸಾಕಷ್ಟು ಅವಕಾಶ ಕೊಡಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೨೦೨೩ರ ಮೇ ೧೨ರಂದು ಆ ಆದೇಶವನ್ನು ರದ್ದುಗೊಳಿಸಿ ವಿಚಾರಣೆಯನ್ನು ಸಮಿತಿಗೇ ಹಿಂದಿರುಗಿಸಿತು. ಹದಿನಾಲ್ಕು ವರ್ಷಗಳ ಬಳಿಕ ಪ್ರಕರಣ ಮತ್ತೆ ಮೊದಲ ಮೆಟ್ಟಿಲಿನ ಬಳಿ ಬಂದಿತು. ಕ್ರಮಬದ್ಧತೆ ಆರೋಪಿಯ ರಕ್ಷಣೆಗೆ ಮಾತ್ರವೆಂಬ ಸಾಮಾನ್ಯ ಗ್ರಹಿಕೆ ಸರಿಯಲ್ಲ; ದೂರುದಾರಳ ಶ್ರಮ ವ್ಯರ್ಥವಾಗದಿರಲಿಕ್ಕೂ ಅದು ಅಗತ್ಯ.

ಮೂರನೆಯದು ಕೋಲ್ಕತ್ತಾದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವೊಂದರದು. ಅಲ್ಲಿನ ಅಧ್ಯಾಪಕರೊಬ್ಬರು ಕುಲಪತಿಯ ವಿರುದ್ಧ ೨೦೨೩ರ ಡಿಸೆಂಬರಿನಲ್ಲಿ ಸ್ಥಳೀಯ ಸಮಿತಿಗೆ ದೂರು ಕೊಟ್ಟರು. ಆರೋಪಿಸಲಾದ ಕೊನೆಯ ಘಟನೆ ಅದೇ ವರ್ಷದ ಏಪ್ರಿಲ್ ತಿಂಗಳದು. ಆರು ತಿಂಗಳ ಗಡಿ ದಾಟಿದೆಯೆಂಬ ಕಾರಣದಿಂದ ದೂರು ತಿರಸ್ಕೃತವಾಯಿತು. ೨೦೨೫ರ ಸೆಪ್ಟೆಂಬರ್ ೧೨ರಂದು ಸರ್ವೋಚ್ಚ ನ್ಯಾಯಾಲಯ ಈ ತಿರಸ್ಕಾರವನ್ನು ಎತ್ತಿಹಿಡಿಯಿತಾದರೂ, ತನ್ನ ತೀರ್ಪು ಆ ಕುಲಪತಿಯ ವೃತ್ತಿಪರಿಚಯ ಪತ್ರದ ಭಾಗವಾಗಿರಬೇಕೆಂದು ಆದೇಶಿಸಿತು. ಕಾನೂನನ್ನು ಬಲ್ಲ ಅಧ್ಯಾಪಕರಿಗೇ ಆರು ತಿಂಗಳು ಸಾಲದಾದಾಗ, ಪರೀಕ್ಷೆಗಳ ಭಯದಲ್ಲಿ ಒಂದು ಶೈಕ್ಷಣಿಕ ವರ್ಷ ಮುಗಿಯುವುದನ್ನೇ ಕಾಯುವ ವಿದ್ಯಾರ್ಥಿನಿಗೆ ಅದು ಎಷ್ಟರಮಟ್ಟಿಗೆ ಸಾಕು ಎಂಬುದು ಶಾಸಕಾಂಗ ಯೋಚಿಸಬೇಕಾದ ಪ್ರಶ್ನೆ.

೭. ಗಿಂಡಿ, ೨೦೨೪

೨೦೨೪ರ ಡಿಸೆಂಬರ್ ೨೩ರ ರಾತ್ರಿ ಅಣ್ಣಾ ವಿಶ್ವವಿದ್ಯಾಲಯದ ಆವರಣದೊಳಗೆ ನುಗ್ಗಿದ ಹೊರಗಿನವನೊಬ್ಬ ವಿದ್ಯಾರ್ಥಿನಿಯೊಬ್ಬರ ಮೇಲೆ ಅತ್ಯಾಚಾರವೆಸಗಿದ. ವಿದ್ಯಾರ್ಥಿನಿ ತಡಮಾಡದೆ ದೂರು ಕೊಟ್ಟರು; ಕೋಟ್ಟೂರ್‌ಪುರಂ ಸರ್ವಮಹಿಳಾ ಠಾಣೆಯಲ್ಲಿ ಪ್ರಕರಣ ದಾಖಲಾಯಿತು; ಎರಡು ದಿನಗಳೊಳಗೆ ಆರೋಪಿಯ ಬಂಧನವಾಯಿತು. ಇಷ್ಟರವರೆಗೆ ೧೯೯೮ರಿಂದ ಕಟ್ಟಿದ ವ್ಯವಸ್ಥೆ ಕೆಲಸ ಮಾಡಿತೆನ್ನಬೇಕು.

ಆದರೆ ದೂರುದಾರಳ ವಿವರಗಳಿದ್ದ ಪ್ರಥಮ ವರ್ತಮಾನ ವರದಿ ಸಾರ್ವಜನಿಕರ ಕೈಗೆ ಸಿಕ್ಕಿ ಹರಡಿತು. ಲೈಂಗಿಕ ಅಪರಾಧಗಳಂಥ ಸೂಕ್ಷ್ಮ ಪ್ರಕರಣಗಳ ವರದಿಗಳನ್ನು ಪೊಲೀಸ್ ಜಾಲತಾಣದಲ್ಲಿ ಹಾಕಬಾರದೆಂದು ಸರ್ವೋಚ್ಚ ನ್ಯಾಯಾಲಯ ೨೦೧೬ರಲ್ಲಿಯೇ ಹೇಳಿತ್ತು. ೨೦೧೮ರ ಡಿಸೆಂಬರ್ ೧೧ರ ನಿಪುಣ್ ಸಕ್ಸೇನಾ ತೀರ್ಪಿನಲ್ಲಿ ಅತ್ಯಾಚಾರ ಪ್ರಕರಣಗಳ ವರದಿಯನ್ನು ಬಹಿರಂಗಪಡಿಸಬಾರದೆಂದು ಪುನಃ ಸ್ಪಷ್ಟಪಡಿಸಿತ್ತು. ತಾಂತ್ರಿಕ ಲೋಪದಿಂದ ಹೀಗಾಯಿತೆಂಬ ವಿವರಣೆ ಬಂದಿತು. ಡಿಸೆಂಬರ್ ೨೮ರಂದು ಮದರಾಸು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಎಸ್.ಎಂ. ಸುಬ್ರಮಣ್ಯಂ ಮತ್ತು ವಿ. ಲಕ್ಷ್ಮೀನಾರಾಯಣನ್ ಅವರ ಪೀಠ ಮೂವರು ಮಹಿಳಾ ಐ.ಪಿ.ಎಸ್. ಅಧಿಕಾರಿಗಳ ವಿಶೇಷ ತನಿಖಾ ತಂಡವನ್ನು ರಚಿಸಿತು. ಗುರುತು ಬಯಲಾದುದಕ್ಕಾಗಿ ರಾಜ್ಯ ಸರ್ಕಾರ ೨೫ ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಬೇಕೆಂದೂ, ವಿಶ್ವವಿದ್ಯಾಲಯ ಆಕೆಯಿಂದ ಶುಲ್ಕ ಪಡೆಯಬಾರದೆಂದೂ ಆದೇಶಿಸಿತು. ವರದಿಯ ಒಕ್ಕಣೆಯೇ ನೊಂದವಳನ್ನು ದೂಷಿಸುವಂತಿದೆಯೆಂದು ಟೀಕಿಸಿತು. ೨೦೨೫ರ ಜನವರಿಯಲ್ಲಿ ತಮಿಳುನಾಡು ವಿಧಾನಸಭೆ ಮಹಿಳೆಯರ ವಿರುದ್ಧದ ಅಪರಾಧಗಳ ಶಿಕ್ಷೆಯನ್ನು ಹೆಚ್ಚಿಸುವ ಮಸೂದೆಗಳನ್ನು ಅಂಗೀಕರಿಸಿತು. ಚೆನ್ನೈನ ಮಹಿಳಾ ನ್ಯಾಯಾಲಯ ಮೇ ೨೮ರಂದು ಆರೋಪಿಯನ್ನು ಅಪರಾಧಿಯೆಂದು ತೀರ್ಮಾನಿಸಿ, ಜೂನ್ ೨ರಂದು, ಕನಿಷ್ಠ ೩೦ ವರ್ಷ ಕ್ಷಮಾದಾನವಿಲ್ಲದ ಜೀವಾವಧಿ ಶಿಕ್ಷೆ ವಿಧಿಸಿತು.

ಘಟನೆಯಿಂದ ಶಿಕ್ಷೆಯವರೆಗೆ ಆರು ತಿಂಗಳೂ ಹಿಡಿಯಲಿಲ್ಲವೆಂಬುದು ನಿಜಕ್ಕೂ ಅಪೂರ್ವ. ಆದರೆ ಶಿಕ್ಷೆ ಎಷ್ಟೇ ಶೀಘ್ರವಾದರೂ ಬಯಲಾದ ಹೆಸರನ್ನು ಮರಳಿ ಮುಚ್ಚಲಾಗದು. ಗೋಪ್ಯತೆಯ ಬೆಲೆಯನ್ನು ನಮ್ಮ ಕಾನೂನು ಎಷ್ಟು ಅಸಮವಾಗಿ ಕಟ್ಟಿದೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ಉಚ್ಚ ನ್ಯಾಯಾಲಯ ಕಟ್ಟಿದ ಮೊತ್ತ ೨೫ ಲಕ್ಷ. ಆಂತರಿಕ ಸಮಿತಿಯ ವಿಚಾರಣೆಯ ಗುಟ್ಟನ್ನು ಬಯಲುಮಾಡಿದವನಿಗೆ ೨೦೧೩ರ ನಿಯಮಗಳು ಗೊತ್ತುಮಾಡಿದ ದಂಡ ೫,೦೦೦ ರೂಪಾಯಿ. ಹಳೆಯ ೨೨೮-ಎ ಕಲಮಿನ ಸ್ಥಾನದಲ್ಲಿ ಈಗಿರುವ ನ್ಯಾಯ ಸಂಹಿತೆಯ ೭೨ನೆಯ ಕಲಂ ಅತ್ಯಾಚಾರದ ಅಪರಾಧಗಳಿಗೆ ಸೀಮಿತ. ಬೆನ್ನುಹತ್ತಿದವನ ಅಥವಾ ಕಿರುಕುಳ ಕೊಟ್ಟವನ ಮೇಲೆ ದೂರು ಕೊಟ್ಟವಳ ಹೆಸರು ಅದರ ರಕ್ಷಣೆಯಲ್ಲಿಲ್ಲ. ವಿದ್ಯಾಲಯಗಳಲ್ಲಿ ಬಹುಪಾಲು ದೂರುಗಳು ಈ ಎರಡನೆಯ ಬಗೆಯವಾಗಿರುವುದು ಸಹಜವಾದುದರಿಂದ ಈ ಕೊರತೆ ಚಿಕ್ಕದಲ್ಲ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಖಚಿತವಾಗುತ್ತವೆ. ಒಂದು, ಪ್ರತಿಯೊಂದು ದಾರಿಯೂ ಯಾರೋ ಒಬ್ಬಳ ನೋವಿನ ಅಥವಾ ಸಾವಿನ ಬಳಿಕ ತೆರೆಯಿತು. ಮುನ್ನೆಚ್ಚರಿಕೆಯಿಂದ ಹುಟ್ಟಿದ ದಾರಿ ಈ ಚರಿತ್ರೆಯಲ್ಲಿ ಕಾಣುವುದಿಲ್ಲ. ಎರಡು, ಹೊಣೆಯು ನೊಂದವಳಿಂದ ಸಂಸ್ಥೆಯ ಕಡೆಗೆ ಮೆಲ್ಲನೆ ಸರಿದಿದೆ: ೧೯೯೮ರಲ್ಲಿ ಪೊಲೀಸರಿಗೆ ತಿಳಿಸುವ ಹೊಣೆ, ೨೦೧೩ರಲ್ಲಿ ಸಮಿತಿ ರಚಿಸುವ ಹೊಣೆ, ೨೦೧೬ರಲ್ಲಿ ದೂರುದಾರಳ ಓದನ್ನು ಕಾಪಾಡುವ ಹೊಣೆ. ಮೂರು, ಅವಳ ಗುರುತನ್ನು ಕಾಪಾಡುವ ಹೊಣೆ ಮಾತ್ರ ಇನ್ನೂ ಯಾರದೆಂದು ಗಟ್ಟಿಯಾಗಿ ನಿಂತಿಲ್ಲ. ಕಡತ ಠಾಣೆಯಲ್ಲಿ, ಗಣಕದಲ್ಲಿ, ಕುಲಸಚಿವರ ಕಚೇರಿಯಲ್ಲಿ, ಪತ್ರಿಕೆಯ ಮೇಜಿನ ಮೇಲೆ ಸಂಚರಿಸುತ್ತದೆ. ಪ್ರತಿಯೊಂದು ಕೈಯೂ ಮತ್ತೊಂದು ಕೈಯನ್ನು ತೋರಿಸುತ್ತದೆ.

ವಿಶ್ವವಿದ್ಯಾಲಯಗಳ ವಾರ್ಷಿಕ ವರದಿಗಳಲ್ಲಿ ದೂರುಗಳ ಸಂಖ್ಯೆ ಸೊನ್ನೆಯೆಂದು ಬರೆದಿರುವುದನ್ನು ಕಂಡಾಗ ಸಂಶೋಧಕರು ಅದನ್ನು ಸುರಕ್ಷತೆಯ ಪುರಾವೆಯೆಂದು ಓದುವ ಮೊದಲು, ಸಮಿತಿಯಲ್ಲಿ ಚುನಾಯಿತ ವಿದ್ಯಾರ್ಥಿಗಳು ಇದ್ದರೆ, ಅದರ ವಿಳಾಸ ನಿಲಯದ ಗೋಡೆಯ ಮೇಲಿದೆಯೆ, ದೂರಿನ ಕಡತವನ್ನು ಯಾರು ಯಾರು ನೋಡುತ್ತಾರೆ, ದೂರು ಕೊಟ್ಟವರು ಓದು ಮುಗಿಸಿದರೆ ಎಂಬ ಪ್ರಶ್ನೆಗಳನ್ನು ಕೇಳುವುದು ಅಗತ್ಯ. ಕೋಡಂಬಾಕ್ಕಂನ ನಿಲ್ದಾಣದಿಂದ ದಿನವೂ ಬೆಳಗ್ಗೆ ಎಗ್ಮೋರಿನ ಕಡೆಗೂ ಗಿಂಡಿಯ ಕಡೆಗೂ ಹೊರಡುವ ವಿದ್ಯಾರ್ಥಿನಿಯರಿಗೆ ಈ ಪ್ರಶ್ನೆಗಳ ಉತ್ತರ ತಿಳಿದಿರಬೇಕು. ದೂರು ಕೊಡಬೇಕೆ ಬೇಡವೆ ಎಂಬುದನ್ನು ಅವರು ನಿರ್ಧರಿಸುವುದು ಶಾಸನದ ಕಲಂ ನೋಡಿಯಲ್ಲ. ತಮಗಿಂತ ಮೊದಲು ದೂರು ಕೊಟ್ಟವಳಿಗೆ ಏನಾಯಿತೆಂಬುದನ್ನು ನೋಡಿ.